ಕುರ್ಚಿ ಖಾಲಿ ಇದೆ... ಆದರೆ ನೀವು ಯಾರ ಪೈಕಿ?

ಬೆಂಗಳೂರಿನ ದೊಡ್ಡ ಲಾ ಫರ್ಮ್‌ಗಳ ವೆಬ್‌ಸೈಟು ಯಾವತ್ತಾದರೂ ನೋಡಿದ್ದೀರಾ? ಗಾಜಿನ ಕಟ್ಟಡ, ಕಪ್ಪು ಕೋಟು, ಎಲ್ಲರ ಮುಖದಲ್ಲೂ ಒಂದೇ ಅಳತೆಯ ನಗು. ಮೂಲೆಯಲ್ಲೊಂದು ಪುಟ: ‘ಡೈವರ್ಸಿಟಿ ಅಂಡ್ ಇನ್‌ಕ್ಲೂಷನ್’. ನಮ್ಮ ಮಾತಲ್ಲಿ ಹೇಳುವುದಾದರೆ, ಆಫೀಸಿನಲ್ಲಿ ಎಲ್ಲ ಬಗೆಯ ಜನ ಇರಬೇಕು, ಬಂದವರಿಗೆ ಇದು ನನ್ನದೂ ಜಾಗ ಅನ್ನಿಸಬೇಕು. ಇಷ್ಟೇ ಅದರ ಅರ್ಥ.

ಈ ವಿಷಯ ತೆಗೆದರೆ ನಮ್ಮ ಕುಂದಾಪುರ ಕಡೆ ಬರುವ ಉತ್ತರ ಒಂದೇ. “ಹ್ವಾಯ್, ಅದೆಲ್ಲ ಬೆಂಗ್ಳೂರಂಗೆ. ನಮ್ಮಲ್ ಫರ್ಮ್ ಎಲ್ಲಿತ್ತ್ ಮಾರಾಯ್ರೆ?”

ಸರಿಯೇ. ಇಲ್ಲಿ ಫರ್ಮ್ ಅಂದರೆ ಕಣ್ಣಿಗೆ ಬರುವುದು ‘ವಕೀಲರ ಆಫೀಸು’. ಸೀನಿಯರ್ ಒಬ್ಬರು, ಗುಮಾಸ್ತ ಒಬ್ಬರು, ಜೂನಿಯರ್ ಒಬ್ಬರೋ ಇಬ್ಬರೋ, ಗೋಡೆ ತುಂಬ ದಾರ ಕಟ್ಟಿದ ಫೈಲು, ಮಳೆಗಾಲದಲ್ಲಿ ಮೂಲೆಯಲ್ಲಿ ನೀರಿಳಿಸುವ ಕೊಡೆಗಳು. ಇಂಥ ಕಡೆ ಎಂಥ ಡೈವರ್ಸಿಟಿ ಅಂತ ನಗು ಬರುವುದು ಸಹಜ. ಆದರೆ ಹದಿನೈದು ವರ್ಷ ಇದೇ ಫೈಲುಗಳ ಮಧ್ಯೆ ಕಳೆದ ನನ್ನ ಅಭಿಪ್ರಾಯ ಬೇರೆ. ಇನ್ನೂರು ಜನರ ಫರ್ಮಿನಲ್ಲಿ ಒಬ್ಬಳಿಗೆ ಜಾಗ ಸಿಗದಿದ್ದರೆ ಪಕ್ಕದ ರಸ್ತೆಯಲ್ಲಿ ಇನ್ನೊಂದು ಫರ್ಮ್ ಇದೆ. ಸಣ್ಣ ಊರಿನಲ್ಲಿ ಇರುವುದೇ ಕೆಲವು ಕುರ್ಚಿ. ಅದರಲ್ಲಿ ಯಾರು ಕೂರುತ್ತಾರೆ ಅನ್ನುವುದು ನಾಳೆ ಆ ಊರಿನಲ್ಲಿ ವಕೀಲರು ಯಾರು, ಜಡ್ಜ್ ಪರೀಕ್ಷೆಗೆ ಕೂರುವವರು ಯಾರು ಅನ್ನುವುದನ್ನೂ ತೀರ್ಮಾನ ಮಾಡುತ್ತದೆ.

ಜಡ್ಜ್ ಪರೀಕ್ಷೆಯ ಮಾತು ಸುಮ್ಮನೆ ತಂದದ್ದಲ್ಲ. 2025ರ ಮೇ 20ರಂದು ಸುಪ್ರೀಂ ಕೋರ್ಟು, ಸಿವಿಲ್ ನ್ಯಾಯಾಧೀಶರ ಹುದ್ದೆಗೆ ಅರ್ಜಿ ಹಾಕಬೇಕಾದರೆ ಕನಿಷ್ಠ 3 ವರ್ಷ ವಕೀಲಿಕೆ ಮಾಡಿರಬೇಕು ಎಂಬ ಹಳೆಯ ನಿಯಮವನ್ನು ಮತ್ತೆ ತಂದಿತು. ಆ ಅನುಭವಕ್ಕೆ ಸರ್ಟಿಫಿಕೇಟ್ ಬರೆಯಬೇಕಾದದ್ದು 10 ವರ್ಷ ಸರ್ವೀಸಾದ ವಕೀಲರು. ಕಾರಣ ಒಳ್ಳೆಯದೇ, ಕೋರ್ಟಿನ ಮೆಟ್ಟಿಲು ಹತ್ತದವರು ತೀರ್ಪು ಬರೆಯುವುದು ಕಷ್ಟ. ಆದರೆ ಮೂರು ವರ್ಷ ಯಾರ ಆಫೀಸಿನಲ್ಲಿ, ಯಾರ ಖರ್ಚಿನಲ್ಲಿ? ಅದಕ್ಕೆ ಉತ್ತರ ಹುಡುಕಬೇಕಾದದ್ದು ನಾವು, ಅಂದರೆ ಸಣ್ಣ ಊರಿನ ವಕೀಲರು.

ಇಲ್ಲಿ ಜೂನಿಯರ್ ಆಗುವುದು ಹೇಗೆ ಅಂತ ಹೇಳುತ್ತೇನೆ, ಹೊರಗಿನವರಿಗೆ ತಿಳಿದಿರಲಿಕ್ಕಿಲ್ಲ. ಜಾಹೀರಾತು ಇಲ್ಲ, ಇಂಟರ್ವ್ಯೂ ಇಲ್ಲ. ಪರಿಚಯದವರು ಕರೆದುಕೊಂಡು ಹೋಗುತ್ತಾರೆ. “ನಮ್ಮ ಹುಡ್ಗ, ಲಾ ಮುಗ್ಸಿದ, ಒಂಚೂರ್ ಕಾಣಿ.” ಪರಿಚಯದವರು ಇಲ್ಲದೆ ಒಬ್ಬರೇ ಹೋದರೆ ಮೊದಲ ಪ್ರಶ್ನೆ “ನಿಮ್ಮ ಮನೆ ಎಲ್ಲಾಯ್ತು?” ಎರಡನೆಯದು “ಯಾರ ಪೈಕಿ?” ನಮ್ಮ ಕರಾವಳಿಯವರಿಗೆ ಇದರ ಒಳಾರ್ಥ ಬಿಡಿಸಿ ಹೇಳಬೇಕಾಗಿಲ್ಲ. ಊರು ಕೇಳಿ, ಮನೆತನ ಕೇಳಿ, ಜಾತಿ ಅಂತ ಬಾಯಿ ಬಿಡದೆ ಜಾತಿ ತಿಳಿದುಕೊಳ್ಳುವ ಉಪಾಯ. ಕೇಳುವವರ ಮನಸ್ಸಿನಲ್ಲಿ ಕೆಡುಕಿರುತ್ತದೆ ಅಂತ ನಾನು ಹೇಳುವುದಿಲ್ಲ, ಬಹಳ ಸಲ ಇರುವುದಿಲ್ಲ. ಅವರಿಗೆ ಬೇಕಾದದ್ದು ನಂಬಿಕಸ್ಥ ಜನ. ನಂಬಿಕೆ ಅಂದರೆ ಪರಿಚಯ, ಪರಿಚಯ ಅಂದರೆ ನೆಂಟಸ್ತಿಕೆ, ನೆಂಟಸ್ತಿಕೆ ಅಂದರೆ ನಮ್ಮವರು. ಯಾರೂ ಯಾರನ್ನೂ ಹೊರಗಿಡದೆಯೇ ಅರ್ಧ ಊರು ಹೊರಗುಳಿಯುತ್ತದೆ. ನಾನು ಬೈಂದೂರು ಕಡೆಯವಳು, ಅಪ್ಪ ಬಸ್ ಕಂಡಕ್ಟರು, ಮನೆಯಲ್ಲಿ ನನ್ನ ಮೊದಲು ಕೋರ್ಟು ಹತ್ತಿದವರು ಸಾಕ್ಷಿ ಹೇಳಲು ಹೋದ ಅಜ್ಜ ಒಬ್ಬರೇ. “ಯಾರ ಪೈಕಿ” ಅನ್ನುವುದಕ್ಕೆ ಭಾರದ ಉತ್ತರ ನನ್ನ ಹತ್ತಿರ ಇರಲಿಲ್ಲ.

ಇದು ಇವತ್ತಿನ ಕತೆಯಲ್ಲ. ಭೂಸುಧಾರಣೆಯ ಕಾಲ ನೆನಪು ಮಾಡಿಕೊಳ್ಳಿ. ದೇವರಾಜ ಅರಸು ಸರಕಾರ ತಂದ ತಿದ್ದುಪಡಿ 1974ರ ಮಾರ್ಚ್ 1ರಿಂದ ಜಾರಿಗೆ ಬಂತು. ನಮ್ಮ ಕಡೆ ಚಾಲಗೇಣಿ ಒಕ್ಕಲುಗಳು ‘ಡಿಕ್ಲರೇಶನ್’ ಕೊಟ್ಟು, ಫಾರಂ 7 ತುಂಬಿ, ಭೂನ್ಯಾಯ ಮಂಡಳಿಯ ಮುಂದೆ ನಿಂತ ಕತೆ ನಿಮ್ಮ ಮನೆಯ ಹಿರಿಯರನ್ನು ಕೇಳಿದರೆ ಇವತ್ತಿಗೂ ಹೇಳುತ್ತಾರೆ. ಆ ಕಾನೂನಿನಲ್ಲೇ ಒಂದು ಸಾಲಿತ್ತು, 48(8)ನೇ ಕಲಮು. ಮಂಡಳಿಯ ಮುಂದೆ ವಕೀಲರು ಬರಬಾರದು! ಒಕ್ಕಲು ತನ್ನ ಮಾತು ತಾನೇ ಆಡಲಿ, ಧಣಿಯೂ ತಾನೇ ಆಡಲಿ ಅಂತ. 1987ರಲ್ಲಿ ಸುಪ್ರೀಂ ಕೋರ್ಟು ಆ ಕಲಮನ್ನು ರದ್ದು ಮಾಡಿತು, ವಕೀಲರ ಹಕ್ಕು ಕೇಂದ್ರದ ಅಡ್ವೊಕೇಟ್ಸ್ ಕಾಯ್ದೆಯ ವಿಷಯ, ರಾಜ್ಯ ಅದರಲ್ಲಿ ಕೈ ಹಾಕುವ ಹಾಗಿಲ್ಲ ಅಂತ. ಕಾನೂನಿನ ಲೆಕ್ಕದಲ್ಲಿ ಆ ತೀರ್ಪು ಸರಿ. ಆದರೆ ಬಡವನಿಗೆ ಭೂಮಿ ಸಿಗಬೇಕಾದರೆ ವಕೀಲರನ್ನು ಬಾಗಿಲ ಹೊರಗೆ ನಿಲ್ಲಿಸಬೇಕು ಅಂತ ಒಂದು ಸರಕಾರಕ್ಕೆ ಯಾಕೆ ಅನ್ನಿಸಿತು? ಫೀಸಿನ ಭಯ ಒಂದು ಕಾರಣ. ನನ್ನ ಓದಿನಲ್ಲಿ ಇನ್ನೊಂದೂ ಇದೆ. ವಕೀಲರು ಅಂದರೆ ಧಣಿಗಳ ಮನೆಯ ಜಗಲಿಯಲ್ಲಿ ಕೂರುವವರು ಅನ್ನುವ ಭಾವನೆ. ಒಕ್ಕಲಿನ ಮಗ ಕಪ್ಪು ಕೋಟು ಹಾಕಿ ಅದೇ ಮಂಡಳಿಯಲ್ಲಿ ನಿಲ್ಲುವುದು ಸಾಮಾನ್ಯವಾಗಿದ್ದರೆ ಅಂಥ ಸಾಲು ಬರೆಯುವ ಪ್ರಮೇಯ ಬರುತ್ತಿತ್ತಾ ಅಂತ ನಾನು ಎಷ್ಟೋ ಸಲ ಯೋಚಿಸಿದ್ದೇನೆ.

ಹಾಗಂತ ನಮ್ಮ ವಕೀಲರಿಗೆ ಇದು ಗೊತ್ತೇ ಇರಲಿಲ್ಲ ಅನ್ನುವ ಹಾಗೂ ಇಲ್ಲ. ಮಂಗಳೂರಿನಲ್ಲಿ 1897ರಲ್ಲಿ ಡಿಪ್ರೆಸ್ಡ್ ಕ್ಲಾಸಸ್ ಮಿಷನ್ ಕಟ್ಟಿ ದಲಿತ ಮಕ್ಕಳಿಗೆ ಶಾಲೆ ತೆರೆದ ಕುದ್ಮುಲ್ ರಂಗರಾವ್ ವಕೀಲರೇ. ಸ್ವಂತ ಜಾತಿಯವರ ಬಹಿಷ್ಕಾರ ತಡೆದುಕೊಂಡು ಮಾಡಿದ ಕೆಲಸ. ‘ಇದೆಲ್ಲ ಅಮೆರಿಕದಿಂದ ಬಂದ ಫ್ಯಾಷನ್ನು’ ಅನ್ನುವವರು ಇವರ ಹೆಸರನ್ನು ಒಂದು ಸಲ ನೆನಪಿಸಿಕೊಳ್ಳಬೇಕು.

ಈಗ ಹೆಂಗಸರ ವಿಷಯ. 1916ರಲ್ಲಿ ರೆಜಿನಾ ಗುಹಾ ಕಲ್ಕತ್ತಾ ಹೈಕೋರ್ಟಿಗೆ, 1921ರಲ್ಲಿ ಸುಧಾಂಶುಬಾಲಾ ಹಾಜ್ರಾ ಪಾಟ್ನಾ ಹೈಕೋರ್ಟಿಗೆ ಅರ್ಜಿ ಹಾಕಿದರು. ಎರಡೂ ಕಡೆ, ಹೆಂಗಸು ವಕೀಲಿಕೆ ಮಾಡುವ ಹಾಗಿಲ್ಲ ಅಂತ ಉತ್ತರ ಬಂತು. ಕೊನೆಗೆ 1923ರಲ್ಲಿ ಕಾನೂನೇ ಬರಬೇಕಾಯಿತು. ಅಲ್ಲಿಂದ ಇಲ್ಲಿಗೆ ಬಹಳ ದೂರ ಬಂದಿದ್ದೇವೆ, ಇಲ್ಲ ಅನ್ನುವುದಿಲ್ಲ. ಬಳ್ಳಾರಿಯಲ್ಲಿ ವಕೀಲಿಕೆ ಶುರು ಮಾಡಿದ ಮಂಜುಳಾ ಚೆಲ್ಲೂರ್ ಅವರು ಕೇರಳ, ಕಲ್ಕತ್ತಾ, ಬಾಂಬೆ ಮೂರೂ ಹೈಕೋರ್ಟುಗಳ ಮುಖ್ಯ ನ್ಯಾಯಮೂರ್ತಿಯಾದರು. 1987ರಲ್ಲಿ ಬೆಂಗಳೂರಿನಲ್ಲಿ ಸನ್ನದು ಪಡೆದ ಬಿ.ವಿ. ನಾಗರತ್ನ ಅವರು 2021ರಲ್ಲಿ ಸುಪ್ರೀಂ ಕೋರ್ಟಿಗೆ ಹೋದರು. ಅವರ ತಂದೆ ಇ.ಎಸ್. ವೆಂಕಟರಾಮಯ್ಯನವರು ಭಾರತದ ಮುಖ್ಯ ನ್ಯಾಯಮೂರ್ತಿಯಾಗಿದ್ದವರು. ಇದನ್ನು ಹೇಳಿದ್ದು ಅವರ ಸಾಮರ್ಥ್ಯ ಕಡಿಮೆ ಮಾಡಲಿಕ್ಕಲ್ಲ, ಅವರ ತೀರ್ಪುಗಳೇ ಮಾತಾಡುತ್ತವೆ. ಗಂಗೊಳ್ಳಿಯಲ್ಲಿ ಬಲೆ ಹೆಣೆಯುವವರ ಮಗಳಿಗೂ ಅಷ್ಟೇ ಬುದ್ಧಿ ಇರಬಹುದಲ್ಲ, ಅವಳು ಯಾವ ಬಾಗಿಲಿನಿಂದ ಒಳಗೆ ಬರಬೇಕು ಅನ್ನುವುದಷ್ಟೇ ನನ್ನ ಪ್ರಶ್ನೆ.

2025ರ ಮಾರ್ಚ್ 24ರಂದು ಸುಪ್ರೀಂ ಕೋರ್ಟು ಕರ್ನಾಟಕದ ಜಿಲ್ಲಾ ವಕೀಲರ ಸಂಘಗಳಲ್ಲಿ ಖಜಾಂಚಿ ಹುದ್ದೆಯನ್ನೂ ಆಡಳಿತ ಮಂಡಳಿಯ 30% ಸ್ಥಾನಗಳನ್ನೂ ಮಹಿಳೆಯರಿಗೆ ಮೀಸಲಿಡಲು ಹೇಳಿತು. ಸಂತೋಷ. ಆದರೆ ಸಂಘದ ಕುರ್ಚಿ ಬೇರೆ, ಆಫೀಸಿನ ಫೈಲು ಬೇರೆ. ಹೆಂಗಸರಿಗೆ ಸಾಮಾನ್ಯವಾಗಿ ಸಿಗುವ ಕೆಲಸ ಏನು ಗೊತ್ತಾ? ಮುಂದಿನ ತಾರೀಕು ಕೇಳುವುದು, ಮೆಮೋ ಹಾಕುವುದು, ಗಂಡ ಹೆಂಡತಿ ಜಗಳದ ಜೀವನಾಂಶದ ಅರ್ಜಿ ಬರೆಯುವುದು. ಜಾಗದ ದಾವೆ, ಸೆಷನ್ಸ್ ಕೇಸಿನ ಪಾಟಿ ಸವಾಲು ಹುಡುಗರಿಗೆ. “ಜಾಗೆ ಅಳತೆಗೆ ಗುಡ್ಡೆ ಹತ್ತುಕಿತ್ತ್, ನಿಮ್ಗೆ ಎಂತಕೆ ತೊಂದ್ರಿ” ಅಂತ ಕಾಳಜಿಯಿಂದಲೇ ಹೇಳುತ್ತಾರೆ! ಆ ಗುಡ್ಡೆ ಹತ್ತಿದವನಿಗೆ ನಾಲ್ಕು ವರ್ಷದಲ್ಲಿ ಸಿವಿಲ್ ಕೆಲಸ ಬರುತ್ತದೆ, ಕಕ್ಷಿದಾರರ ಪರಿಚಯ ಆಗುತ್ತದೆ, ಸ್ವಂತ ಆಫೀಸು ಆಗುತ್ತದೆ. ಹತ್ತದವಳು ಮದುವೆಯಾಯಿತು ಅಂತ ಬಿಟ್ಟು ಹೋಗುತ್ತಾಳೆ. ಆಮೇಲೆ ನಾವೇ ಹೇಳುತ್ತೇವೆ, “ಕಾಣಿ, ಹೆಣ್ಮಕ್ಳ್ ನಿಲ್ಲುದಿಲ್ಲೆ.”

ಕಕ್ಷಿದಾರರೇ ಹೆಂಗಸು ವಕೀಲರು ಬೇಡ ಅನ್ನುತ್ತಾರೆ ಅನ್ನುವ ವಾದವೂ ಇದೆ. ಕೆಲವರು ಅನ್ನುತ್ತಾರೆ, ನಿಜ. ಆದರೆ ಸೀನಿಯರ್ ಒಂದು ಸಲ “ನಿಮ್ಮ ಕೇಸು ಇವರೇ ಕಾಂಬುದು, ನನ್ನಷ್ಟೇ ಗೊತ್ತಿತ್ತ್ ಇವ್ರಿಗೆ” ಅಂದರೆ ಆ ಮಾತು ಅಲ್ಲಿಗೆ ಮುಗಿಯುತ್ತದೆ. ಡಾಕ್ಟರ ವಿಷಯದಲ್ಲಿ ಒಪ್ಪಿದ ಜನ ವಕೀಲರ ವಿಷಯದಲ್ಲಿ ಒಪ್ಪದೆ ಇರುತ್ತಾರಾ?

ಸರಿ, ಎಲ್ಲಕ್ಕಿಂತ ದೊಡ್ಡ ಅಡ್ಡಿಗೆ ಬರೋಣ. ದುಡ್ಡು.

ಇಲ್ಲಿ ಒಂದು ಒಳ್ಳೆಯ ಸುದ್ದಿ ಮೊದಲು. 2024ರ ಜುಲೈ 30ರಂದು ಸುಪ್ರೀಂ ಕೋರ್ಟು, ಸನ್ನದು ಕೊಡಲು ರಾಜ್ಯ ವಕೀಲರ ಪರಿಷತ್ತುಗಳು ಕಾನೂನಿನಲ್ಲಿ ಇರುವುದಕ್ಕಿಂತ ಹೆಚ್ಚು ಶುಲ್ಕ ವಸೂಲಿ ಮಾಡುವ ಹಾಗಿಲ್ಲ ಅಂತ ಹೇಳಿತು. ಸಾಮಾನ್ಯ ವರ್ಗಕ್ಕೆ 750 ರೂಪಾಯಿ, ಪರಿಶಿಷ್ಟ ಜಾತಿ ಪಂಗಡದವರಿಗೆ 125 ರೂಪಾಯಿ. ಅದಕ್ಕೆ ಮೊದಲು ಅನೇಕ ರಾಜ್ಯಗಳಲ್ಲಿ ಸಾವಿರಗಟ್ಟಲೆ ಕೇಳುತ್ತಿದ್ದರು. ಅದೇ ವರ್ಷ ಅಕ್ಟೋಬರಿನಲ್ಲಿ ಭಾರತೀಯ ವಕೀಲರ ಪರಿಷತ್ತು, ಜೂನಿಯರುಗಳಿಗೆ ತಿಂಗಳಿಗೆ ಪಟ್ಟಣದಲ್ಲಿ 20,000, ಗ್ರಾಮಾಂತರದಲ್ಲಿ 15,000 ರೂಪಾಯಿ ಕೊಡಿ ಅಂತ ಸುತ್ತೋಲೆ ಹೊರಡಿಸಿತು. ಆದರೆ ಅದು ಶಿಫಾರಸು, ಕಡ್ಡಾಯವಲ್ಲ. ಕಡ್ಡಾಯವಲ್ಲದ ಸುತ್ತೋಲೆ ನಮ್ಮಲ್ಲಿ ಏನಾಗುತ್ತದೆ ಅಂತ ನಿಮಗೂ ಗೊತ್ತು, ನನಗೂ ಗೊತ್ತು.

ನಾನು ಜೂನಿಯರ್ ಆಗಿದ್ದ ಒಂದು ಆಫೀಸಿನಲ್ಲಿ ಮೊದಲ ವರ್ಷ ತಿಂಗಳ ಲೆಕ್ಕ ಅಂತ ಇರಲೇ ಇಲ್ಲ. ದೀಪಾವಳಿಗೆ ಒಂದು ಕವರು, ಯಾವುದಾದರೂ ಕೇಸು ಗೆದ್ದ ದಿನ ನೂರೋ ಇನ್ನೂರೋ, ಮಧ್ಯಾಹ್ನ ಚಾ. ಬೈಂದೂರಿನಿಂದ ಕುಂದಾಪುರಕ್ಕೆ ಮೂವತ್ತು ಚಿಲ್ಲರೆ ಕಿಲೋಮೀಟರು, ದಿನಾ ಎರಡು ಸಲ ಬಸ್ಸು, ಜೊತೆಗೆ ಮಧ್ಯಾಹ್ನದ ಊಟ, ಕೋಟು, ಬ್ಯಾಂಡು, ಪುಸ್ತಕ. ದುಡಿಯಲು ಹೋದ ಮಗಳಿಗೆ ಮನೆಯಿಂದಲೇ ದುಡ್ಡು! ಕೇಳಿದರೆ “ನಾವೂ ಹೀಂಗೇ ಕಲ್ತದ್” ಅನ್ನುವ ಉತ್ತರ. ಇರಬಹುದು. ಆದರೆ ಹಾಗೆ ಕಲಿಯಲು ಸಾಧ್ಯವಾದದ್ದು ಗದ್ದೆ ತೋಟ ಇದ್ದವರಿಗೆ, ಅಥವಾ ಅಪ್ಪ ಚಿಕ್ಕಪ್ಪ ಇದೇ ಕೆಲಸದಲ್ಲಿ ಇದ್ದವರಿಗೆ. ಉಳಿದವರು ಕಲಿಯಲಿಲ್ಲ, ಬ್ಯಾಂಕಿಗೋ ಬೆಂಗಳೂರಿಗೋ ಹೋದರು. ಸಂಬಳ ಇಲ್ಲದ ಕೆಲಸಕ್ಕೆ ಸಂಬಳ ಬೇಡದವರ ಮಕ್ಕಳು ಮಾತ್ರ ಬರುತ್ತಾರೆ. ಉಡುಪಿಯ ವೈಕುಂಠ ಬಾಳಿಗಾ ಕಾನೂನು ಕಾಲೇಜು ಶುರುವಾದದ್ದು 1957ರಲ್ಲಿ. ಹತ್ತಿರದಲ್ಲೇ ಕಾಲೇಜಿದೆ, ಓದುವ ಹಾದಿ ಇದೆ. ಹಾದಿ ಕಟ್ಟಾಗುವುದು ಡಿಗ್ರಿ ಮುಗಿದ ಮರುದಿನ.

ಸಣ್ಣ ಊರಿನ ಸೀನಿಯರುಗಳು ಹದಿನೈದು ಸಾವಿರ ಎಲ್ಲಿಂದ ಕೊಡಬೇಕು ಅಂತ ಕೇಳುತ್ತಾರೆ. ನ್ಯಾಯವಾದ ಪ್ರಶ್ನೆ. ಈಗ ನನ್ನದೂ ಒಂದು ಸಣ್ಣ ಆಫೀಸು, ಒಬ್ಬಳು ಜೂನಿಯರ್. ನಾನೂ ಅಷ್ಟು ಕೊಡುತ್ತಿಲ್ಲ. ಎರಡು ದಾರಿ ಹಿಡಿದಿದ್ದೇನೆ. ಬಸ್ಸು ಊಟದ ಖರ್ಚು ದಾಟುವಷ್ಟು ಮೊತ್ತ ಪ್ರತಿ ತಿಂಗಳ 5ನೇ ತಾರೀಕಿಗೆ, ಕೇಳಿಸಿಕೊಳ್ಳದೆ. ಅದರ ಮೇಲೆ ಅವಳು ಕೆಲಸ ಮಾಡಿದ ಪ್ರತಿ ಫೈಲಿನ ಫೀಸಿನಲ್ಲಿ ಇಷ್ಟು ಪಾಲು ಅಂತ ಮೊದಲೇ ಬರೆದಿಟ್ಟ ಲೆಕ್ಕ. ಪರಿಶಿಷ್ಟ ಜಾತಿ ಪಂಗಡದ ಕಾನೂನು ಪದವೀಧರರು ಹಿರಿಯ ವಕೀಲರ ಹತ್ತಿರ ತರಬೇತಿ ಪಡೆಯಲು ಸರಕಾರದ ಶಿಷ್ಯವೇತನವೂ ಇದೆ. ಆದರೆ ಅದಕ್ಕೂ ಮೊದಲು ಒಬ್ಬ ಸೀನಿಯರ್ ಒಪ್ಪಿ ಕುರ್ಚಿ ಕೊಡಬೇಕಲ್ಲ?

ಇಷ್ಟೆಲ್ಲ ಯಾಕೆ ಅಂದರೆ, ಜೂನಿಯರುಗಳ ಹೊಟ್ಟೆಪಾಡು ಒಂದೇ ಅಲ್ಲ, ಮೆಟ್ಟಿಲು ಹತ್ತಿ ಬರುವ ಕಕ್ಷಿದಾರರ ಗತಿಯೂ ಇದರಲ್ಲೇ ಇದೆ. ನಮ್ಮ ಮೂರು ತಾಲೂಕಿನ ಬಾಯಿಗಳನ್ನು ಲೆಕ್ಕ ಹಾಕಿ. ಕುಂದಾಪ್ರ ಕನ್ನಡ, ಬ್ರಹ್ಮಾವರ ಬಾರ್ಕೂರು ಕಡೆ ತುಳು, ಗಂಗೊಳ್ಳಿ ಖಾರ್ವಿಗಳ ಕೊಂಕಣಿ, ಕುಡುಬಿಯವರ ಕೊಂಕಣಿ, ಶಿರೂರಿನ ನವಾಯತರ ಮಾತು, ಬ್ಯಾರಿ, ಉರ್ದು, ಕೊರಗರ ಸ್ವಂತ ಭಾಷೆ. ಇಷ್ಟು ಜನ ಬಂದು ಪುಸ್ತಕದ ಕನ್ನಡದಲ್ಲಿ ತಮ್ಮ ಕಷ್ಟ ಹೇಳಬೇಕು, ಅದನ್ನು ನಾವು ಕೋರ್ಟಿನ ಕನ್ನಡಕ್ಕೋ ಇಂಗ್ಲಿಷಿಗೋ ತಿರುಗಿಸಬೇಕು. ದಾರಿಯಲ್ಲಿ ಎಷ್ಟು ಸತ್ಯ ಸೋರಿ ಹೋಗುತ್ತದೋ!

2021ರ ಡಿಸೆಂಬರ್ 27ರ ರಾತ್ರಿ ಬ್ರಹ್ಮಾವರ ತಾಲೂಕಿನ ಕೋಟತಟ್ಟುವಿನಲ್ಲಿ ನಡೆದದ್ದು ನಿಮಗೆ ನೆನಪಿರಬಹುದು. ಕೊರಗರ ಮನೆಯ ಮೆಹಂದಿ ಕಾರ್ಯಕ್ರಮಕ್ಕೆ ಪೊಲೀಸರು ನುಗ್ಗಿ, ಮದುಮಗ, ಹೆಂಗಸರು ಅಂತ ನೋಡದೆ ಲಾಠಿ ಬೀಸಿದರು ಅನ್ನುವ ದೂರು. ಸಬ್ ಇನ್ಸ್‌ಪೆಕ್ಟರು ಅಮಾನತಾದರು, ಗೃಹ ಮಂತ್ರಿಗಳು ಬಂದು ಹೋದರು. ಪೆಟ್ಟು ತಿಂದವರ ಮೇಲೆಯೂ ಒಂದು ಕೇಸು ದಾಖಲಾಯಿತು. ಕೊರಗರು ಕೇಂದ್ರ ಸರಕಾರದ ಪಟ್ಟಿಯಲ್ಲಿ ವಿಶೇಷ ದುರ್ಬಲ ಬುಡಕಟ್ಟು. ಅವರನ್ನು ಅಮಾನುಷವಾಗಿ ನಡೆಸಿಕೊಳ್ಳುವ ಅಜಲು ಪದ್ಧತಿಯನ್ನು ನಿಷೇಧಿಸಲು 2000ದಲ್ಲಿ ಪ್ರತ್ಯೇಕ ಕಾನೂನೇ ಬರಬೇಕಾಯಿತು. ಮಂತ್ರಿ ಬರುತ್ತಾರೆ, ಟಿವಿಯವರು ಬರುತ್ತಾರೆ, ಎರಡು ವಾರದಲ್ಲಿ ಹೋಗುತ್ತಾರೆ. ಕೇಸಿನ ತಾರೀಕು ಮಾತ್ರ ವರ್ಷಗಟ್ಟಲೆ ಬರುತ್ತಲೇ ಇರುತ್ತದೆ. ಅಂಥ ಮನೆಯವರು ಯಾವುದೇ ವಕೀಲರ ಆಫೀಸಿಗೆ ಬಂದಾಗ ಬಾಗಿಲಲ್ಲೇ ನಿಲ್ಲದೆ ಬೆಂಚಿನಲ್ಲಿ ಕೂರಬೇಕಾದರೆ, ಒಳಗೆ ಅವರ ಮುಖದ ಒಬ್ಬರಾದರೂ ಇರಬೇಡವಾ? ದಾನ ಧರ್ಮದ ಮಾತಲ್ಲ ಇದು, ಕೆಲಸದ ಮಾತು. ಹೆದರಿದವರು ಅರ್ಧ ಸಂಗತಿ ಹೇಳುತ್ತಾರೆ. ಅರ್ಧ ಸಂಗತಿಯಲ್ಲಿ ಕೇಸು ನಿಲ್ಲುವುದಿಲ್ಲ.

ಒಂದು ಎಚ್ಚರಿಕೆ ಕೂಡ. ಆ ಹುಡುಗನೋ ಹುಡುಗಿಯೋ ಬಂದ ಮೇಲೆ ‘ದೌರ್ಜನ್ಯ ಕೇಸು ಎಲ್ಲ ನೀನೇ ನೋಡು’ ಅಂತ ಅಲ್ಲೇ ಕಟ್ಟಿ ಹಾಕುವುದು ಇನ್ನೊಂದು ಥರದ ಹೊರಗಿಡುವಿಕೆ. ಅವರಿಗೂ ಪಾಲಿನ ದಾವೆ ಬೇಕು, ಚೆಕ್ ಬೌನ್ಸ್ ಬೇಕು, ಅಪಘಾತ ಪರಿಹಾರದ ಕ್ಲೇಮು ಬೇಕು. ಹೊಟ್ಟೆ ತುಂಬುವುದು ಅದರಲ್ಲೇ.

ಅಂಗವಿಕಲರ ವಿಷಯ ಚಿಕ್ಕದಾಗಿ ಹೇಳಿ ಮುಗಿಸುತ್ತೇನೆ. ಬೆಂಗಳೂರಿನಲ್ಲಿ ಓದಿದ, ಕಿವಿ ಕೇಳದ ವಕೀಲೆ ಸಾರಾ ಸನ್ನಿ 2023ರಲ್ಲಿ ಸನ್ನೆ ಭಾಷೆಯ ದುಭಾಷಿಯ ಮೂಲಕ ಸುಪ್ರೀಂ ಕೋರ್ಟಿನ ಮುಂದೆ ಹಾಜರಾದರು. 2025ರ ಮಾರ್ಚಿನಲ್ಲಿ ಅದೇ ಕೋರ್ಟು, ಕಣ್ಣು ಕಾಣದವರೂ ನ್ಯಾಯಾಧೀಶರಾಗಬಹುದು ಅಂತ ತೀರ್ಪು ಕೊಟ್ಟಿತು. ನಮ್ಮಲ್ಲಿ ಎಷ್ಟೋ ಆಫೀಸುಗಳು ಹಳೆಯ ಕಟ್ಟಡದ ಮಾಳಿಗೆಯ ಮೇಲೆ, ಕಡಿದಾದ ಮೆಟ್ಟಿಲು, ಹಿಡಿದುಕೊಳ್ಳಲು ಹಗ್ಗ. ಜೂನಿಯರ್ ಬಿಡಿ, ಮೊಣಕಾಲು ನೋವಿನ ಅಜ್ಜಿಗೇ ಹತ್ತಲು ಆಗುವುದಿಲ್ಲ!

ಹಾಗಾದರೆ ಏನು ಮಾಡಬೇಕು? ಸಣ್ಣ ಆಫೀಸಿಗೆ ಹೊಂದುವಷ್ಟೇ ಹೇಳುತ್ತೇನೆ.

1. ಜೂನಿಯರ್ ಬೇಕಾದರೆ ವಕೀಲರ ಸಂಘದ ನೋಟೀಸು ಬೋರ್ಡಿನಲ್ಲಿ, ಕಾನೂನು ಕಾಲೇಜಿನಲ್ಲಿ ಒಂದು ಚೀಟಿ ಹಾಕಿ. “ಯಾರ ಪೈಕಿ” ಬದಲು “ಒಂದು ನೋಟೀಸ್ ಬರೆದು ತೋರಿಸು” ಅನ್ನಿ.

2. ಎಷ್ಟೇ ಆಗಲಿ, ತಿಂಗಳ ಮೊತ್ತ ಮೊದಲೇ ಹೇಳಿ, ಹೇಳಿದ ದಿನ ಕೊಡಿ.

3. ಯಾವ ಫೈಲು ಯಾರಿಗೆ ಕೊಟ್ಟಿರಿ ಅಂತ ಒಂದು ನೋಟುಬುಕ್ಕಿನಲ್ಲಿ ಬರೆಯಿರಿ. ಆರು ತಿಂಗಳಾದ ಮೇಲೆ ತೆರೆದು ನೋಡಿ. ಜೀವನಾಂಶದ ಅರ್ಜಿಗಳೆಲ್ಲ ಒಬ್ಬಳ ಹೆಸರಿನಲ್ಲಿ, ಪಾಟಿ ಸವಾಲೆಲ್ಲ ಒಬ್ಬನ ಹೆಸರಿನಲ್ಲಿ ಇದ್ದರೆ ಯಾರೂ ಭಾಷಣ ಮಾಡಬೇಕಾಗಿಲ್ಲ, ಪುಸ್ತಕವೇ ಹೇಳುತ್ತದೆ.

4. ಸಂಜೆ ಕಕ್ಷಿದಾರರ ಭೇಟಿ ಬೈಂದೂರು ಕಡೆಯ ಬಸ್ಸಿನ ಹೊತ್ತು ನೋಡಿ ಮುಗಿಸಿ.

5. 2013ರ ಲೈಂಗಿಕ ಕಿರುಕುಳ ತಡೆ ಕಾಯ್ದೆಯಲ್ಲಿ ಹತ್ತಕ್ಕಿಂತ ಕಡಿಮೆ ಜನರ ಕೆಲಸದ ಜಾಗಗಳ ದೂರಿಗೆ ಜಿಲ್ಲೆಯಲ್ಲಿ ಸ್ಥಳೀಯ ಸಮಿತಿ ಇರಬೇಕು ಅಂತ ಇದೆ. ನಮ್ಮಂಥ ಆಫೀಸಿನವರಿಗೆ ಆ ಸಮಿತಿಯೇ ದಿಕ್ಕು. ಅದರ ವಿಳಾಸ ಗೋಡೆಯ ಮೇಲೆ, ದೇವರ ಫೋಟೋದ ಪಕ್ಕ ಹಾಕಿದರೂ ತಪ್ಪಿಲ್ಲ.

6. ಮಹಿಳೆಯರಿಗೆ, ಮಕ್ಕಳಿಗೆ, ಅಂಗವಿಕಲರಿಗೆ, ಪರಿಶಿಷ್ಟರಿಗೆ ತಾಲೂಕು ಕಾನೂನು ಸೇವಾ ಸಮಿತಿಯಿಂದ ಉಚಿತ ವಕೀಲರ ನೆರವು ಸಿಗುತ್ತದೆ, ಆದಾಯ ಎಷ್ಟೇ ಇರಲಿ. ಫೀಸು ಕೊಡಲಾಗದೆ ಬಂದವರನ್ನು ಬರಿಗೈಲಿ ಕಳಿಸುವ ಮೊದಲು ಅದನ್ನು ಅವರ ಭಾಷೆಯಲ್ಲೇ ಹೇಳಿ.

‘ಹುಶಾರಿದ್ದವರು ಹೇಗೂ ಮೇಲೆ ಬರುತ್ತಾರೆ’ ಅನ್ನುವವರಿಗೆ ಒಂದೇ ಮಾತು. ಬರುತ್ತಾರೆ. ಆದರೆ ಮೂರು ವರ್ಷ ಸಂಬಳವಿಲ್ಲದೆ ತಡೆದುಕೊಳ್ಳುವುದು ಹುಶಾರಿಯ ಪರೀಕ್ಷೆಯಲ್ಲ, ಅಪ್ಪನ ಜೇಬಿನ ಪರೀಕ್ಷೆ. ಬೈಂದೂರು, ಬ್ರಹ್ಮಾವರ ತಾಲೂಕುಗಳಾದದ್ದು 2018ರಲ್ಲಿ. ಊರು ಬೆಳೆಯುತ್ತಿದೆ, ವ್ಯಾಜ್ಯ ಅಂತೂ ಕಡಿಮೆಯಾಗುವ ಲಕ್ಷಣ ಇಲ್ಲ. ಇನ್ನು ಹತ್ತು ವರ್ಷದಲ್ಲಿ ಇಲ್ಲಿ ಹೊಸ ಆಫೀಸುಗಳು ಏಳುತ್ತವೆ. ಅವು ಹಳೆಯ ಆಫೀಸುಗಳ ಮರಿಗಳೇ ಆಗಬೇಕಾ, ಇಲ್ಲ ಗಂಗೊಳ್ಳಿ, ಕೋಟತಟ್ಟು, ಶಿರೂರಿನ ಮಕ್ಕಳ ಹೆಸರೂ ಬೋರ್ಡಿನಲ್ಲಿ ಬರಬೇಕಾ? ಇವತ್ತು ನಾವು ಕೊಡುವ ಕುರ್ಚಿಯ ಮೇಲೆ ನಿಂತಿದೆ.

ನಿಮ್ಮ ಊರಿನ ವಕೀಲರ ಆಫೀಸಿನಲ್ಲಿ ಹೇಗಿದೆ? ಅಲ್ಲಿ ಕೂತವರಲ್ಲಿ ನಿಮ್ಮ ಕೇರಿಯವರು ಇದ್ದಾರಾ? ವಕೀಲರಲ್ಲದವರು ಹೇಳಿದರೆ ಇನ್ನೂ ಸಂತೋಷ, ಯಾಕಂದರೆ ಆ ಬೆಂಚಿನಲ್ಲಿ ಕೂತು ಕಾದವರಿಗೇ ಅದರ ಉದ್ದ ಗೊತ್ತು.